ಗಂಟು ಬಿದ್ದಿಲ್ಲ

ನನ್ನ ಮಗಳ ಕೊರಳಿಗೆ ಮುತ್ತು ಕಟ್ಟುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ನಾನು ಅವರ ನೆಲ ತಿಕ್ಕುತ್ತಿದ್ದಾಗ.

ಪುಣೆಯ ಭೋಸರಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಶೆಡ್ಡು ಅದು. ಹಿಂದೆ ಅಲ್ಲಿ ಲೇಥ್ ಮಷಿನ್ನುಗಳಿದ್ದವು. ಮಷಿನ್ನು ಹೋದವು, ಅವು ಉಗುಳಿದ ಕಬ್ಬಿಣ ಹೋಗಲಿಲ್ಲ. ನೆಲದ ಬಿರುಕಿನಲ್ಲಿ, ಗೋಡೆಯ ಬುಡದಲ್ಲಿ, ಹಳೆಯ ಎಣ್ಣೆಯ ಜಿಡ್ಡಿನೊಳಗೆ ಎಲ್ಲಾ ಕಡೆ ಚೂರು. ಸುರುಳಿ ಸುತ್ತಿಕೊಂಡ, ಬ್ಲೇಡಿನಂಥ ಚೂರು. ಅಲ್ಲಿ ಈಗ ಭರತನಾಟ್ಯ ಮಾಡುತ್ತಾರಂತೆ. ಬರಿಗಾಲಲ್ಲಿ. ಅವರ ಕಾಲಿಗೆ ಚುಚ್ಚಬಾರದು ಅಂತ ನಾನು ಮೊಣಕಾಲೂರಿ, ವಾಷಿಂಗ್ ಸೋಡಾ ಹಾಕಿ, ತಂತಿ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಒರೆಸಿದ ಮೇಲೆ ಅಂಗೈಯಿಂದ ನೆಲ ಸವರಿ ನೋಡುತ್ತಿದ್ದೆ. ಚೂರು ಉಳಿದಿದ್ದರೆ ಅಂಗೈಗೆ ಹತ್ತುತ್ತಿತ್ತು. ಸಂಜೆ ಮನೆಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದರೆ ಕೈ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಗುಡಿಸಿದ ಚೂರನ್ನೆಲ್ಲ ಒಂದು ತಗಡಿನ ಡಬ್ಬಿಗೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದೆ. ಗುಜರಿ ಕೊಳ್ಳುವ ಭಂಗಾರದವನು ಬಂದು ಒಯ್ಯಬೇಕಿತ್ತು. ಬಂದಿರಲಿಲ್ಲ.

ಪುಣೆಯಲ್ಲಿ ಕಸ ಬಳಿಯುವ ಹೆಂಗಸಿಗೆ ಹೆಸರಿಲ್ಲ. ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ. ತ್ರಿವೇಣಿ ಮೇಡಂ ಮಾತ್ರ ಮೊದಲ ದಿನವೇ ಹೆಸರು ಕೇಳಿದರು. ಆ ಶೆಡ್ಡು ಬಾಡಿಗೆಗೆ ಹಿಡಿದವರು ಅವರೇ. ಬೆಂಗಳೂರಿನವರು, ಸಣ್ಣಂದಿನಿಂದ ಭರತನಾಟ್ಯ ಕಲಿತವರು, ಪುಣೆಗೆ ಬಂದು ಶಾಲೆ ನಡೆಸುವವರು.

"ಭೀಮವ್ವಾನಾ? ಕನ್ನಡದವರಾ? ಅಯ್ಯೋ, ಎಷ್ಟು ಖುಷಿ ಆಯ್ತು ಗೊತ್ತಾ!" ಅಂದು ನನ್ನ ಕೈ ಹಿಡಿದುಕೊಂಡರು. ಸೋಡಾ ಹತ್ತಿದ ಕೈ. ನಾನು ಕರಗಿಹೋದೆ, ಸುಳ್ಳು ಯಾಕೆ ಹೇಳಲಿ.

ನನ್ನ ಮಗಳು ದುರ್ಗಾ. ಮುನ್ಸಿಪಾಲ್ಟಿಯ ಮರಾಠಿ ಶಾಲೆಯಲ್ಲಿ ಏಳನೆಯದು. ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು ಕಂಬದ ಹಿಂದೆ ನಿಂತು ಅವರು ಹಾಕಿದ ಹೆಜ್ಜೆ ತಾನೂ ಹಾಕುತ್ತಿದ್ದಳು. ಒಂದು ದಿನ ಮೇಡಂ ನೋಡಿಬಿಟ್ಟರು. ಬೈಯುತ್ತಾರೆ ಅಂತ ನಾನು ಎದ್ದು ನಿಂತೆ. ಬೈಯಲಿಲ್ಲ. ನಡುವಿಗೆ ಕರೆದು, "ಅವಳ ಅರೆಮಂಡಿ ನೋಡ್ರೇ!" ಅಂತ ತಮ್ಮ ಹುಡುಗಿಯರಿಗೆ ತೋರಿಸಿದರು. ಮಂಡಿ ಅರ್ಧ ಬಗ್ಗಿಸಿ ನಿಲ್ಲುವುದಕ್ಕೆ ಅರೆಮಂಡಿ ಅನ್ನುತ್ತಾರೆ. ನಳದ ಮುಂದೆ ಕೊಡ ಎತ್ತಿ ಎತ್ತಿ ಬೆಳೆದ ಹುಡುಗಿಗೆ ಮಂಡಿ ಬಗ್ಗಿಸುವುದು ಏನು ಮಹಾ! ಆದರೂ ನನ್ನ ಎದೆ ಉಬ್ಬಿತು. ಅವತ್ತಿನಿಂದ ದುರ್ಗಾ ಅವರ ಜೊತೆ ಕುಣಿಯತೊಡಗಿದಳು. ಪುಗಸಟ್ಟೆ ಕಲಿಸಿದರು. ನಾನು ನೆಲ ತಿಕ್ಕುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ನನ್ನ ಮಗಳ ಕಾಲು ನಾನು ತಿಕ್ಕಿದ ನೆಲದ ಮೇಲೆ ತಪ್ ತಪ್ ಅಂತ ಬೀಳುವುದನ್ನು ಕೇಳಿದರೆ ಕೈ ಉರಿಯುವುದು ಮರೆತುಹೋಗುತ್ತಿತ್ತು.

ಮೇಡಂ ಮಾಡುವುದು ಹಳೆಯ ರೀತಿಯದಲ್ಲ, ಹೊಸ ಪ್ರಯೋಗ. ರೇಷ್ಮೆ ಇಲ್ಲ, ಒಡವೆ ಇಲ್ಲ, ಬೂದಿ ಬಣ್ಣದ ಹತ್ತಿ ಸೀರೆ. ಮೃದಂಗದ ಬದಲು ತಗಡು ಒತ್ತುವ ಪ್ರೆಸ್ ಮಷಿನ್ನಿನ ಸದ್ದು. ನೋಡುವವರು ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಸುತ್ತಲೂ ಕೂರುವುದು. ಅದರಲ್ಲಿ ನನಗೂ ಪಾತ್ರ ಕೊಟ್ಟಿದ್ದರು.

"ನೀವು ನೀವಾಗೇ ಇರಿ ಭೀಮವ್ವ. ಆಕ್ಟ್ ಮಾಡ್ಬೇಡಿ. ನೀವು ನೆಲ ತಿಕ್ತಾ ಇರ್ತೀರ, ಪಕ್ಕದಲ್ಲಿ ನಾವು ಡ್ಯಾನ್ಸ್ ಮಾಡ್ತೀವಿ. ಯಾರ ದುಡಿಮೆ ಕಾಣುತ್ತೆ, ಯಾರದ್ದು ಕಾಣಲ್ಲ, ಅದೇ ನಮ್ಮ ಪ್ರಶ್ನೆ."

"ನೆಲ ಮೊದ್ಲೇ ತಿಕ್ಕಿರ್ತೀನಲ್ರೀ ಮೇಡಂ. ಮತ್ತ್ಯಾಕ ತಿಕ್ಕಬೇಕು?"

ಅವರ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗುವಂಥ ದಿನಗಳು.

ಆಮೇಲೆ ಆ ಮಧ್ಯಾಹ್ನ ಬಂತು. ನಾನು ಮೂಲೆಯಲ್ಲಿ ತಿಕ್ಕುತ್ತಿದ್ದೆ. ಮೇಡಂ ಹುಡುಗಿಯರನ್ನು ಕೂರಿಸಿಕೊಂಡು ಕೊನೆಯ ಭಾಗ ವಿವರಿಸುತ್ತಿದ್ದರು. "ಲಾಸ್ಟಲ್ಲಿ ದುರ್ಗಾ ನಡುವೆ ಕೂತಿರ್ತಾಳೆ. ಅವಳಿಗೆ ಮುತ್ತು ಕಟ್ತಾರೆ. ನೀವೆಲ್ಲ ಸುತ್ತ ನಿಂತಿರ್ತೀರ. ಆಮೇಲೆ ನಾನು ಬಂದು ಅದನ್ನ ಹರೀತೀನಿ. ಅದು ಬಿಡುಗಡೆ."

ನನ್ನ ಬ್ರಷ್ಷು ನಿಂತಿತು.

ನಮ್ಮ ಕಡೆ ಮುತ್ತು ಅಂದರೆ ಕೆಂಪು ಬಿಳಿ ಮಣಿಯ ಸರ. ಅರಿಶಿನದ ದಾರದಲ್ಲಿ ಪೋಣಿಸಿ ಎಲ್ಲಮ್ಮನ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅವಳಿಗೆ ಮದುವೆಯಿಲ್ಲ. ಅವಳು ದೇವಿಯವಳು. ದೇವಿಯವಳು ಅಂದರೆ ಊರ ಗಂಡಸರವಳು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇದು ನಮ್ಮ ಕೇರಿಯ ಹುಡುಗಿಯರಿಗೆ ಮಾತ್ರ. ಗೌಡರ ಮಗಳ ಕೊರಳಿನ ಮೇಲೆ ದೇವಿ ಇವತ್ತಿನವರೆಗೂ ಮನಸ್ಸು ಮಾಡಿಲ್ಲ. ಒಂದು ಗಂಟು ಬಿದ್ದರೆ ಮುಗೀತು. ಆಮೇಲೆ ದಾರ ಹರಿದರೂ, ಮಣಿ ಚೆಲ್ಲಾಪಿಲ್ಲಿಯಾದರೂ ಅವಳು ಕಟ್ಟಿಸಿಕೊಂಡವಳೇ. ಹರಿಯುವುದರಿಂದ ಯಾರೂ ಬಿಡುಗಡೆಯಾಗಿಲ್ಲ.

ನನ್ನ ಅಕ್ಕ ಅವ್ವಮ್ಮನಿಗೆ ಕಟ್ಟಿದ್ದರು. ಕಟ್ಟಿದವಳು ನಮ್ಮ ತಾಯಿಯ ತಂಗಿ, ಯಮನವ್ವ ಚಿಗವ್ವ. ಆಕೆ ಜೋಗತಿ, ದೇವಿಯ ಬುಟ್ಟಿ ಹೊತ್ತು, ಒಂಟಿ ತಂತಿಯ ಚೌಡಿಕೆ ಬಾರಿಸುತ್ತಾ ಊರೂರು ತಿರುಗುವವಳು. ಕೆಲವು ವರ್ಷ ಕಳೆದ ಮೇಲೆ ಅಕ್ಕನನ್ನು ಇದೇ ಪುಣೆಗೆ ತಂದು ಪೇಟೆಯ ಒಂದು ಗಲ್ಲಿಯಲ್ಲಿ ಬಿಟ್ಟರು. ನಾನು ಮದುವೆಯಾಗಿ ಇಲ್ಲಿಗೆ ದುಡಿಯಲು ಬಂದಾಗ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಒಳಗ ಬರಬ್ಯಾಡ, ನಿನ್ನ ಮೈಗಿ ಹತ್ತಿಗಿತ್ತೀತು" ಅಂದಳು. ಮುಂದಿನ ಸಲ ಹೋದಾಗ ಅಲ್ಲಿ ಬೇರೆ ಯಾರೋ ಇದ್ದರು.

ಬಾಣಂತನಕ್ಕೆ ಊರಿಗೆ ಹೋಗಿದ್ದಾಗ, ಹಸುಗೂಸು ದುರ್ಗಾಳ ಕೂದಲು ಜಡೆಗಟ್ಟಿತ್ತು. ನನ್ನ ಅಣ್ಣ ಹುಲಿಗೆಪ್ಪ, "ದೇವಿ ಗುರುತು ಹಾಕ್ಯಾಳ, ಇದು ಆಕೀ ಪಾಲು" ಅಂದ. ನಾನು ಕತ್ತರಿ ಹಾಕಿ ಕತ್ತರಿಸಿ ಒಲೆಗೆಸೆದೆ. ಅದೇ ವಾರ ಕೂಸನ್ನು ಕಟ್ಟಿಕೊಂಡು ಊರು ಬಿಟ್ಟೆ, ಮತ್ತೆ ಹೋಗಲಿಲ್ಲ. ಆಮೇಲೆ ನನ್ನ ಗಂಡ ಮಲಕಪ್ಪನ ಎರಡು ಬೆರಳು ಪ್ರೆಸ್ಸಿನಲ್ಲಿ ಹೋದವು. ಹುಲಿಗೆಪ್ಪ ಫೋನು ಮಾಡಿ, "ಜಡಿ ಕೊಯ್ದ ಶಾಪ" ಅಂದ. ಮಷಿನ್ನಿಗೆ ಕೈ ಕಾಯುವ ಸರಳು ಹಾಕಿರಲಿಲ್ಲ, ಅದಕ್ಕೇ ಹೋದವು ಅಂತ ನನಗೆ ಗೊತ್ತು. ಆದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದೇವಿಯ ಅಂಜಿಕೆ ನನಗಿಲ್ಲ ಅಂದರೆ ಅದು ಸುಳ್ಳು.

ಬ್ರಷ್ಷು ಬಿಟ್ಟು ಮೇಡಂ ಹತ್ತಿರ ಹೋದೆ.

"ಮುತ್ತು ಬ್ಯಾಡ್ರಿ ಮೇಡಂ. ಅದೊಂದು ಬಿಟ್ಟು ಏನರೇ ಮಾಡ್ಸರಿ."

"ಭೀಮವ್ವ, ಕೂತ್ಕೊಳ್ಳಿ. ನೋಡಿ, ಈ ಡ್ಯಾನ್ಸನ್ನ ನಾವು ನಿಮ್ಮಂಥವರಿಂದಾನೇ ಕಿತ್ಕೊಂಡಿದ್ದು. ದೇವದಾಸಿಯರ ಕಲೆ ಇದು. ಮರ್ಯಾದಸ್ಥರು ಬಂದು ತೊಳೆದು ಉಜ್ಜಿ ತಮ್ಮದು ಮಾಡ್ಕೊಂಡ್ರು. ನಾನು ಅದನ್ನ ವಾಪಸ್ ಕೊಡ್ಬೇಕು ಅಂತಿದೀನಿ."

ನಮ್ಮವರಿಂದ ಏನೇನು ಕಿತ್ತುಕೊಂಡಿದ್ದರೋ ನನಗೆ ತಿಳಿಯದು. ವಾಪಸ್ ಕೊಡುವುದಾದರೆ ಬೇಕಾದಷ್ಟಿತ್ತು. ಮುತ್ತನ್ನು ಯಾರು ಕೇಳಿದ್ದರು?

"ಯಾರು ಕಟ್ತಾರ್ರೀ?" ಅಂದೆ.

ಮೇಡಂ ಮುಖ ಅರಳಿತು. "ಅದು ಸರ್‌ಪ್ರೈಸ್ ಅಂದ್ಕೊಂಡಿದ್ದೆ. ನಿಮ್ಮ ಚಿಕ್ಕಮ್ಮ! ನಮ್ಮಜ್ಜಿ ಜೋಗತಿ ಅಂತ ದುರ್ಗಾನೇ ಹೇಳಿದ್ಲು. ನಿಮ್ಮ ಫೋನಿಂದಾನೇ ಮಾತಾಡಿದ್ವಿ. ನಿಮ್ಮಣ್ಣ ಕರ್ಕೊಂಡು ಬರ್ತಿದಾರೆ. ನಿಜವಾದ ಜೋಗತಿ, ನಿಜವಾದ ಚೌಡಿಕೆ!"

ಅಲ್ಲೇ ನೆಲದ ಮೇಲೆ ಕೂತೆ. ಹನ್ನೆರಡು ವರ್ಷದಿಂದ ನಾನು ಯಾರಿಗೆ ಅಂಜಿ ಮಗಳನ್ನು ಊರಿನ ದಾರಿ ಹತ್ತಿಸಿರಲಿಲ್ಲವೋ ಅವರನ್ನು ಈ ಪುಣ್ಯಾತ್ಗಿತ್ತಿ ಟಿಕೇಟು ಕೊಟ್ಟು ಕರೆಸುತ್ತಿದ್ದಳು. ಸೆರಗು ಒಡ್ಡಿದೆ. "ನಿಮ್ಮ ಕಾಲಿಗಿ ಬೀಳ್ತೀನ್ರೀ. ನಿಮಗದು ನಾಟಕ. ಅವ್ರಿಗಿ ನಾಟಕ ಅಲ್ಲ. ಒಂದು ಗಂಟು ಬಿತ್ತಂದ್ರ ನನ್ನ ಮಗಳ ಬಾಳೇ ಹೋಯ್ತು."

ಮೇಡಂ ಹೆದರಿದರು. ಅವರು ಕೆಟ್ಟವರಲ್ಲ. ದುರ್ಗಾಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. "ಆಯ್ತು. ಮಣಿ ಬೇಡ, ದಾರ ಬೇಡ. ನಮ್ಮ ನಾಟ್ಯದಲ್ಲಿ ಖಾಲಿ ಕೈಯಲ್ಲೇ ಎಲ್ಲಾ ತೋರಿಸ್ತೀವಿ ಅಲ್ವಾ? ಹೂವು ಅಂದ್ರೆ ಹೂವಿರಲ್ಲ, ಹಾವು ಅಂದ್ರೆ ಹಾವಿರಲ್ಲ. ಬರೀ ಹಸ್ತ. ನಿಮ್ಮ ಚಿಕ್ಕಮ್ಮ ಖಾಲಿ ಕೈಯಲ್ಲಿ ಕಟ್ಟಿದ ಹಾಗೆ ಮಾಡ್ತಾರೆ. ಪ್ರಾಮಿಸ್."

ಖಾಲಿ ಕೈ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅವರು ಜೇಜುರಿಗೆ ಹೋಗಿ ಖಂಡೋಬನಿಗೆ ಕೈಮುಗಿದು, ಅಲ್ಲಿಂದ ನೇರ ನಮ್ಮ ಖೋಲಿಗೆ ಬಂದರು. ಹುಲಿಗೆಪ್ಪನ ಹಣೆತುಂಬ ಭಂಡಾರದ ಅರಿಶಿನ. ಚಿಗವ್ವ ಮುದುಕಿಯಾಗಿದ್ದಳು. ಬೆನ್ನು ಬಾಗಿತ್ತು. ದೇವಿಯ ಬುಟ್ಟಿಯನ್ನು ನಮ್ಮ ಗ್ಯಾಸಿನ ಒಲೆಯ ಪಕ್ಕ ಇಳಿಸಿ, ಮೊದಲು ನೋಡಿದ್ದು ದುರ್ಗಾಳ ಕೊರಳು. ನಾನು ಮಗಳಿಗೆ ದುಪಟ್ಟಾ ಹೊದಿಸಿದೆ.

"ನನ್ನ ಬುಟ್ಟಿ ಹೊರಾವ್ರು ಇನ್ನ ಯಾರವಾ?" ಅಂದಳು. ಬೇಡಿದ ಹಾಗಿತ್ತು ಆ ದನಿ.

ಹುಲಿಗೆಪ್ಪ ನಗುತ್ತಿದ್ದ. "ನಾವೇನು ಜುಲುಮಿ ಮಾಡೀವೇನು ಭೀಮಿ? ಆ ಮೇಡಂ ಬಾಯಿ ತಾನಾಗಿ ಕರದಾಳ. ದೇವೀನೇ ಆಕೀ ಬಾಯಾಗ ಕುಂತು ಕರಸ್ಯಾಳ."

"ಪೊಲೀಸರಿಗಿ ಹೇಳ್ತೀನಣ್ಣಾ."

"ಏನಂತ ಹೇಳ್ತಿ? ಊರಾಗ ಮಾಡಿದ್ರ ಇದನ್ನ ತಡಿಯೋ ಸಂಘದ ಹೆಣ್ಮಕ್ಕಳು ಬರ್ತಿದ್ರು, ಪೊಲೀಸ್ರು ಬರ್ತಿದ್ರು. ಇಲ್ಲಿ ಇದು ಡ್ಯಾನ್ಸ್. ಬೋರ್ಡ್ ಹಾಕ್ಯಾರ. ದೊಡ್ಡ ದೊಡ್ಡ ಮಂದಿ ಕುಂತು ನೋಡ್ತಾರ. ಯಾವ ಪೊಲೀಸು ಬರ್ತಾನ?"

ಎಷ್ಟು ಸಲೀಸಾಗಿ ಯೋಚನೆ ಮಾಡಿಕೊಂಡು ಬಂದಿದ್ದ ಬೆಂಕಿಬಿದ್ದವನು! ಮಲಕಪ್ಪನ ಮುಖ ನೋಡಿದೆ. ಅವನು ಬೆರಳಿಲ್ಲದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದ. "ಕೆಣಕಬ್ಯಾಡ ಭೀಮಿ. ಖಾಲಿ ಕೈಲೇ ಮಾಡ್ತೀವಂತ ಮೇಡಂ ಅಂದಾರಲ್ಲ" ಅಂದ. ಅವನೂ ಅಂಜಿದ್ದ.

ದುರ್ಗಾಳಿಗೆ ಹೇಳಿದೆ, "ನೀ ಕುಣಿಯೋದು ಬ್ಯಾಡ" ಅಂತ. ಅವಳು ಅತ್ತಳು. "ಅಗ ಅವ್ವಾ, ನಾಟಕ ಆಹೆ ತೆ! ಬರೇ ನಾಟಕ! ನಮ್ಮ ಟೀಚರ್ ಬರ್ತಾರ, ನನ್ನ ಮೈತ್ರಿಣಿ ಎಲ್ಲಾ ಬರ್ತಾರ. ನಾ ಕುಣೀಬ್ಯಾಡಾ?" ಅವಳನ್ನು ಮನೆಯಲ್ಲಿ ಬಿಟ್ಟರೆ ಹುಲಿಗೆಪ್ಪನ ಕೈಗೇ ಬಿಟ್ಟ ಹಾಗೆ. ಕೆಲಸಕ್ಕೆ ಹೋಗದೆ ಎಷ್ಟು ದಿನ ಕಾಯಲಿ? ಮಂದಿಯ ನಡುವೆ, ಬೆಳಕಿನಲ್ಲಿ, ನನ್ನ ಕಣ್ಣೆದುರು ಇರುವುದೇ ವಾಸಿ ಅನ್ನಿಸಿತು. ಮೇಡಂ ಮಾತು ಕೊಟ್ಟಿದ್ದರು.

ಭಾನುವಾರ ಸಂಜೆ ಇನ್ನೂ ಬಿಸಿಲಿತ್ತು. ಶೆಡ್ಡಿನ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಖಾದಿ ಸೀರೆಯವರು, ಗಡ್ಡದವರು, ಕ್ಯಾಮೆರಾದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಸುತ್ತಲೂ ಕೂತರು. ಅವರ ನಡುವೆ, ಎಲ್ಲರಿಗಿಂತ ಮುಂದೆ, ಹುಲಿಗೆಪ್ಪ. ಕೈಯಲ್ಲಿ ಮೊಬೈಲು ಹಿಡಿದಿದ್ದ. ಮಲಕಪ್ಪನಿಗೆ ಪಾಳಿ ಇತ್ತು, ಬರಲಿಲ್ಲ.

ನಾನು ಬಕೆಟ್ಟು ಬ್ರಷ್ಷು ಹಿಡಿದು ಮೊಣಕಾಲೂರಿದೆ. ಪ್ರೆಸ್ ಮಷಿನ್ನಿನ ಸದ್ದು ಶುರುವಾಯಿತು. ಧಡ್, ಧಡ್. ನನ್ನ ಗಂಡನ ಬೆರಳು ತಿಂದ ಸದ್ದು. ಅದಕ್ಕೆ ಸರಿಯಾಗಿ ಮೇಡಂ ಹೆಜ್ಜೆ ಹಾಕುತ್ತಾ ಬಂದರು. ಚೆನ್ನಾಗಿ ಕುಣಿದರು, ಇಲ್ಲ ಅನ್ನಲಾರೆ. ನಾನು ತಿಕ್ಕುತ್ತಿದ್ದೆ. ಮಂದಿ ಸುಮ್ಮನೆ ನೋಡುತ್ತಿತ್ತು. ನನ್ನ ಬೆನ್ನನ್ನು, ನನ್ನ ಒದ್ದೆ ಸೆರಗನ್ನು, ನನ್ನ ಒಡೆದ ಹಿಮ್ಮಡಿಯನ್ನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮನೆಯಲ್ಲಿ ಇವರ ನೆಲವನ್ನೂ ನನ್ನಂಥ ಒಬ್ಬಳು ತಿಕ್ಕಿರುತ್ತಾಳೆ. ಅಲ್ಲಿ ಕಾಣದ್ದು ಇಲ್ಲಿ ಟಿಕೇಟು ತೆಗೆದರೆ ಕಾಣುತ್ತದೋ ಏನೋ.

ಆಮೇಲೆ ಕಂಬಳಿ ಬಂತು.

ಇಬ್ಬರು ಹುಡುಗಿಯರು ಅದನ್ನು ತಂದು ನಡುವೆ ಹಾಸಿದರು. ಕರಿ ಕಂಬಳಿ, ಹೊಸದು. ನಾನು ತಿಕ್ಕುವುದನ್ನು ನಿಲ್ಲಿಸಿದೆ. ಖಾಲಿ ಕೈ ಅಂದಿದ್ದರು, ಕಂಬಳಿ ಯಾಕೆ? ಕಂಬಳಿಯ ಮೇಲೆ ಅಕ್ಕಿ ಸುರಿದರು. ತುಂಬಿದ ಕೊಡ ಇಟ್ಟರು. ಕೊಡದ ಬಾಯಿಗೆ ಬೇವಿನ ಸೊಪ್ಪು. ಅಕ್ಕನನ್ನು ಕೂರಿಸಿದಾಗಲೂ ಹೀಗೇ ಇಟ್ಟಿದ್ದರು. ನಾನು ಅವ್ವನ ಸೆರಗು ಹಿಡಿದು ನಿಂತು ನೋಡಿದ್ದೆ.

ದುರ್ಗಾ ಬಂದಳು. ಹಸಿರು ಸೀರೆ ಉಡಿಸಿದ್ದರು. ಮೈ ತೊಳೆಸಿದ್ದರು, ಕೂದಲು ಇನ್ನೂ ಒದ್ದೆ. ಕೆನ್ನೆಗೆ, ಕೊರಳಿಗೆ ಅರಿಶಿನ. ನಗುತ್ತಾ ನನ್ನ ಕಡೆ ನೋಡಿ ಅಕ್ಕಿಯ ಮೇಲೆ ಕೂತಳು. ಅವಳ ಹಿಂದೆ ಚಿಗವ್ವ. ಚೌಡಿಕೆ ನುಡಿಸಿ ಪಕ್ಕಕ್ಕಿಟ್ಟಳು. ಚಿಗವ್ವನ ಒಂದು ಕೈ ಮುಷ್ಟಿ ಕಟ್ಟಿತ್ತು. ಮುಷ್ಟಿಯಿಂದ ಹಳದಿ ದಾರದ ತುದಿ ಇಣುಕಿತ್ತು.

ಖಾಲಿ ಕೈಯಲ್ಲ.

"ಮೇಡಂ" ಅಂದೆ. ಮಷಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಮೇಡಂ ಹೆಜ್ಜೆ ಹಾಕುತ್ತಾ ನನ್ನ ಪಕ್ಕಕ್ಕೇ ಬಂದರು. ಸೀರೆ ಹಿಡಿದು ಎಳೆದೆ. "ಮೇಡಂ, ಆಕೀ ಕೈಯಾಗ ಖರೇ ಮುತ್ತು ಅದ. ಬ್ಯಾಡ ಅಂದಿದ್ನಲ್ರೀ."

ತುಟಿ ಅಲ್ಲಾಡಿಸದೆ ಅಂದರು, "ಅಜ್ಜಿ ತಾವೇ ತಂದಿದ್ರು. ಹಸ್ತಕ್ಕಿಂತ ನಿಜವಾದ್ದೇ ಸ್ಟ್ರಾಂಗ್ ಅನ್ನಿಸ್ತು. ಹೆದರ್ಬೇಡಿ, ನಾನು ಹರೀತೀನಲ್ಲ. ಕಂಟಿನ್ಯೂ ಮಾಡಿ, ಭೀಮವ್ವ."

ಸೀರೆ ಬಿಡಿಸಿಕೊಂಡು ಹೋದರು. ಹುಡುಗಿಯರು ಕಂಬಳಿಯ ಸುತ್ತ ಸಾಲುಗಟ್ಟಿ ನಿಂತರು. ಹುಲಿಗೆಪ್ಪ ಮೊಬೈಲು ಎತ್ತಿ ಹಿಡಿದ. ಒಂದು ಗಳಿಗೆ ಸುಮ್ಮನಿದ್ದುಬಿಡಲೇ ಅನ್ನಿಸಿತು. ಇಷ್ಟು ದೊಡ್ಡ ಮಂದಿ. ದೇವಿಯ ಬುಟ್ಟಿ ಎದುರಿಗಿದೆ. ನಾನು ಎದ್ದರೆ ಶಾಪ ಯಾರಿಗೆ ತಗಲುತ್ತದೋ. ಆಗ ದುರ್ಗಾ ನನ್ನ ಕಡೆ ತಿರುಗಿದಳು. ನಗು ಹೋಗಿತ್ತು. ಮುದುಕಿಯ ತಣ್ಣನೆಯ ಬೆರಳು ಅವಳ ಕೊರಳ ಹಿಂದೆ ತಾಗಿರಬೇಕು. "ಅವ್ವಾ" ಅಂದಳು. ಅದು ಅವಳ ಪಾತ್ರದ ಮಾತಲ್ಲ.

ಎದ್ದೆ. ಬಾಗಿಲ ಹಿಂದೆ ಓಡಿದೆ. ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದೆ. ನಡು ಮುರಿಯುವಷ್ಟು ಭಾರ. ತಿಂಗಳುಗಟ್ಟಲೆ ನಾನೇ ಅಂಗೈಯಿಂದ ಸವರಿ ಸವರಿ ತೆಗೆದ ಚೂರು. ಕಂಬಳಿಯ ಸುತ್ತ ಓಡುತ್ತಾ ಸುರಿದೆ. ನಾನು ಹೊಳೆಯುವ ಹಾಗೆ ತಿಕ್ಕಿದ ನೆಲದ ಮೇಲೆ ಝಲ್ಲೆಂದು ಚೆಲ್ಲಿತು. ಹುಡುಗಿಯರು ಕಿರುಚಿ ಹಿಂದೆ ಹಾರಿದರು. ಹುಲಿಗೆಪ್ಪ ಎದ್ದು ಬಂದವನು ಬರಿಗಾಲು ನೋಡಿಕೊಂಡು ನಿಂತ. ಮೇಡಂ ಒಂದು ಕಾಲು ಎತ್ತಿದ್ದರು. ಆ ಕಾಲನ್ನು ಎಲ್ಲಿ ಇಡಬೇಕು ಅಂತ ಅವರಿಗೆ ತಿಳಿಯಲಿಲ್ಲ.

"ಯಾರೂ ಬರಬ್ಯಾಡ್ರಿ! ಇದು ನಾಟಕ ಅಲ್ಲ! ನನ್ನ ಮಗಳದು!" ಅಂತ ಒದರಿದೆ. ಒದರಿ ಚೂರಿನ ಮೇಲೆಯೇ ನಡೆದೆ. ಮೊದಲ ಹೆಜ್ಜೆಗೆ ಪ್ರಾಣ ಬಾಯಿಗೆ ಬಂತು.

ಚಿಗವ್ವನ ಕೈ ದಬ್ಬಿ ಮಗಳನ್ನು ಎದೆಗವಚಿಕೊಂಡೆ. ನನ್ನ ಬೆನ್ನು ಮಂದಿಗೆ ಅಡ್ಡವಾಗಿತ್ತು. ಕೊರಳ ಹಿಂದೆ ಬೆರಳಾಡಿಸಿದೆ. ಸಿಕ್ಕಿತು. ಒದ್ದೆ ದಾರ. ದಾರದಲ್ಲಿ ಒಂದು ಗಂಟು, ಜೋಳದ ಕಾಳಿನಷ್ಟು ಗಟ್ಟಿ.

ಗಂಟು ಬಿದ್ದಿತ್ತು.

ಏನು ಮಾಡುತ್ತಿದ್ದೇನೆ ಅಂತ ಗೊತ್ತಿಲ್ಲದೆ ಬಾಯಿ ಹಾಕಿ ಗಂಟಿನ ಎರಡೂ ಬದಿ ಹಲ್ಲಿನಿಂದ ಕಡಿದೆ. ಮಣಿಗಳು ಅಕ್ಕಿಯ ಮೇಲೆ, ಚೂರಿನ ಮೇಲೆ ಉರುಳಿದವು. ಗಂಟು ಬಾಯಲ್ಲೇ ಉಳಿಯಿತು. ಅರಿಶಿನದ ಕಹಿ. ಕಣ್ಣೆತ್ತಿದರೆ ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಅವಳೊಬ್ಬಳೇ ನೋಡಿದ್ದು.

ದುರ್ಗಾಳನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಚೂರಿನ ಮೇಲೆ ನಡೆದು ಹೊರಬಂದೆ. ಹಿಂದೆ ಕೆಂಪು ಹೆಜ್ಜೆ ಮೂಡುತ್ತಿದ್ದವು.

ಆಗ ಮಂದಿ ಚಪ್ಪಾಳೆ ತಟ್ಟಿದರು.

ಎದ್ದು ನಿಂತು ತಟ್ಟಿದರು. ಒಬ್ಬಾಕೆ ಅಳುತ್ತಾ ತಟ್ಟುತ್ತಿದ್ದಳು. ನಾನು ತಿರುಗಿ ನಿಂತು, "ನಾಟಕ ಅಲ್ರೋ! ಖೋಟೆ ನಾಹೀ!" ಅಂದೆ. ಇನ್ನೂ ಜೋರಾಗಿ ತಟ್ಟಿದರು. ಥೂ!

ಹಿಂದಿನ ಕೋಣೆಗೆ ಮೇಡಂ ಓಡಿಬಂದರು. ಕಣ್ಣು ತುಂಬಿತ್ತು. ನನ್ನ ಕಾಲು ನೋಡಿ "ಅಯ್ಯೋ, ಡಾಕ್ಟರ್ ಕರೀರಿ" ಅಂದರು. ಆಮೇಲೆ ನನ್ನ ಎರಡೂ ಭುಜ ಹಿಡಿದರು. "ಭೀಮವ್ವ, ನಾನು ಇಪ್ಪತ್ತೈದು ವರ್ಷ ಡ್ಯಾನ್ಸ್ ಮಾಡಿದೀನಿ. ಇಂಥದ್ದು ಒಂದು ಕ್ಷಣ ನನಗೆ ಸಿಕ್ಕಿಲ್ಲ. ನಾಳೆ ಶೋನಲ್ಲೂ ಇದನ್ನೇ ಇಟ್ಕೊಳ್ಳೋಣ. ನಿಮಗೆ ನೋವಾಗ್ಬಾರ್ದು, ಚೂರು ಮಾತ್ರ ಪ್ಲಾಸ್ಟಿಕ್‌ದು ಮಾಡಿಸ್ತೀನಿ."

ಗಂಟನ್ನು ದವಡೆಯ ಸಂದಿಗೆ ಒತ್ತಿ ಹಿಡಿದು ಕೇಳಿದೆ, "ಮುತ್ತು ಖರೇವ ತಂದ್ರಿ. ಚೂರು ಸುಳ್ಳು ಬೇಕೇನ್ರಿ?"

ಬಾಗಿಲಲ್ಲಿ ನಿಂತಿದ್ದ ಹುಡುಗಿ, "ತ್ರಿವೇಣಿ ಅಕ್ಕಾ, ನೆಲ ಪೂರ್ತಿ ಚೂರಿದೆ, ನಾಳೆಗೆ ಯಾರು ಕ್ಲೀನ್ ಮಾಡೋದು?" ಅಂದಳು. ಇಬ್ಬರೂ ನನ್ನ ಕಡೆ ನೋಡಿದರು. ಅಷ್ಟೆಲ್ಲ ಆದ ಮೇಲೂ ನನ್ನ ಕಡೆಗೇ ನೋಡಿದರು.

"ನೀವ ಬಳೀರಿ. ಅಂಗೈಲೆ ಸವರಿ ನೋಡ್ರಿ, ಉಳಿದಿದ್ರ ಗೊತ್ತಾಗ್ತದ" ಅಂದೆ.

ಮಗಳ ಕೈ ಹಿಡಿದು ಗೇಟಿನ ಹೊರಗೆ ಬಂದೆ. ಚಪ್ಪಲಿ ಮೆಟ್ಟಲಾಗಲಿಲ್ಲ. ಹುಲಿಗೆಪ್ಪ ಅಲ್ಲೇ ನಿಂತಿದ್ದ. ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದ. ಅದರ ತುಂಬ ನನ್ನ ಬೆನ್ನು. ಬೇರೆ ಏನೂ ಕಾಣುತ್ತಿರಲಿಲ್ಲ. ಚಿಗವ್ವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಚಿಗವ್ವಾ, ಖರೇ ಹೇಳು" ಅಂದ. "ಗಂಟು ಬಿತ್ತೋ ಇಲ್ಲೋ? ಬಿದ್ದಿದ್ರ ಹುಡುಗಿ ಇವತ್ತ ನಮ್ಮ ಕೂಡ ಊರಿಗಿ ಬರ್ತಾಳ. ದೇವಿ ಸೊತ್ತು ಇಲ್ಲಿ ಬಿಟ್ಟು ಹೋಗ್ಲಾಕ ಬರಂಗಿಲ್ಲ. ಕೇರಿ ಮಂದಿ ಮುಂದ ನೀ ಹೇಳಿದ್ದೇ ಮಾತು."

ದುರ್ಗಾ ನನ್ನ ನಡುವನ್ನು ತಬ್ಬಿಕೊಂಡಳು. ಬಾಯಲ್ಲಿ ಗಂಟಿತ್ತು. ಬಾಯಿ ಬಿಟ್ಟರೆ ಕಾಣುತ್ತದೆ ಅಂತ ಹಲ್ಲು ಕಚ್ಚಿ ನಿಂತಿದ್ದೆ. ರಸ್ತೆಯಲ್ಲಿ ಪಾಳಿ ಮುಗಿಸಿದವರು ಸೈಕಲ್ಲು ತುಳಿಯುತ್ತಾ ಹೋಗುತ್ತಿದ್ದರು. ಕೂಗಿದರೆ ಯಾರಾದರೂ ನಿಲ್ಲುತ್ತಾರೆಯೇ ಅಂತ ಲೆಕ್ಕ ಹಾಕುತ್ತಿದ್ದೆ.

ಚಿಗವ್ವ ನನ್ನ ಕಾಲು ನೋಡಿದಳು. ಮಣ್ಣಿನಲ್ಲಿ ರಕ್ತ ಅಂಟಂಟಾಗಿತ್ತು. ಆಮೇಲೆ ದುರ್ಗಾಳ ಕೊರಳು ನೋಡಿದಳು.

"ಅವ್ವಮ್ಮಗ ಕಟ್ಟಿದಾಗ ಆಕೀನೂ ಹಿಂಗೇ 'ಅವ್ವಾ' ಅಂದಿದ್ಳು" ಅಂದಳು.

"ಅದು ಬಿಡು. ಗಂಟು ಬಿತ್ತೋ ಇಲ್ಲೋ?"

"ಬಿದ್ದಿಲ್ಲ."

"ದೇವಿ ಮುಟ್ಟಿ ಹೇಳು."

ಮುದುಕಿ ಬುಟ್ಟಿಯ ಮೇಲೆ ಅಂಗೈ ಊರಿದಳು. "ಬಿದ್ದಿಲ್ಲ ಅಂದೆಲ್ಲೋ. ಕೈ ನಡಗತಾವ ನನಗ. ವಯಸ್ಸಾಗ್ಯಾದ. ಗಂಟು ಹಾಕ್ಲಾಕ ಬರಲಿಲ್ಲ."

ಬುಟ್ಟಿಯ ಮೇಲಿದ್ದ ಆ ಕೈ ನಡುಗುತ್ತಿರಲಿಲ್ಲ.

ಹುಲಿಗೆಪ್ಪ ಉಗುಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಚಿಗವ್ವ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಅವನ ಹಿಂದೆ ಹೊರಟಳು. ನನ್ನ ಪಕ್ಕ ಹಾದುಹೋಗುವಾಗ ನಿಲ್ಲಲಿಲ್ಲ, ನೋಡಲೂ ಇಲ್ಲ. "ನುಂಗವಾ" ಅಂದಳು, ನನಗೊಬ್ಬಳಿಗೇ ಕೇಳುವ ಹಾಗೆ.

ನುಂಗಿದೆ.